ಐವತ್ತೇಳು ಇಂಚಿನ ಪಂಖ

ವಿಮಾನದ ಪಂಖ ಕೊಯ್ದವಳು ನಾನು. ಬಡಗಿ ಆಚಾರ್ರು ಕೊಯ್ಯಲಿಲ್ಲ, ಅಪ್ಪಾಜಿ ಕೊಯ್ಯಲಿಲ್ಲ. ಇದನ್ನು ಮೊದಲಿಗೇ ಬರೆದುಬಿಡುತ್ತೇನೆ, ಯಾಕೆಂದರೆ ನಮ್ಮ ನೆಂಟರ ಮದುವೆ ಮನೆಗಳಲ್ಲಿ ಈ ಕಥೆ ಇಷ್ಟು ವರ್ಷವೂ ಓಡಾಡುತ್ತಲೇ ಇದೆ, ಮತ್ತು ಪ್ರತಿ ಸಲವೂ ಯಾರಾದರೊಬ್ಬರು ನನ್ನ ಕೈಯಲ್ಲಿದ್ದ ಗರಗಸ ಕಿತ್ತು ಒಬ್ಬ ಗಂಡಸಿನ ಕೈಗೆ ಕೊಡುತ್ತಾರೆ. ಆಚಾರ್ರಿಗೆ ಕೊನೇ ಗಳಿಗೆಯಲ್ಲಿ ಹೊಳೆಯಿತಂತೆ, ಹಾಗಂತೆ, ಹೀಗಂತೆ. ಏನೂ ಹೊಳೆಯಲಿಲ್ಲ. ಹೊಳೆದದ್ದು ನನಗೆ, ಎರಡು ಜಡೆ ಹಾಕಿಕೊಂಡು ಏಳನೇ ಕ್ಲಾಸಿಗೆ ಹೋಗುತ್ತಿದ್ದ ಪಾರ್ವತಿಗೆ. ಕೊಯ್ದದ್ದಕ್ಕೆ ಏಟು ತಿಂದವಳೂ ನಾನೇ. ಏಟು ತಿಂದವಳಿಗೆ ಕಥೆ ಹೇಳುವ ಹಕ್ಕಾದರೂ ಇರಬೇಕಲ್ಲ! ಆ ವಿಮಾನ ಆಮೇಲೆ ಹಾರಿತೋ ಇಲ್ಲವೋ ಎಂದು ಕೇಳುವವರಿಗೂ ಈಗಲೇ ಹೇಳುತ್ತೇನೆ: ಹಾರಿತು. ಎರಡು ಸಲ, ಹುಣಸೆಮರದ ಎತ್ತರಕ್ಕೆ. ಮೂರನೆಯ ಸಲಕ್ಕೆ ಮುಂಚೆ ಸರ್ಕಾರದಿಂದ ಕಾಗದ ಬಂತು, ಅಪ್ಪಾಜಿ ಅದನ್ನು ಎರಡು ಸಲ ಓದಿ ರೆಕ್ಕೆ ಬಿಚ್ಚಿಟ್ಟರು. ನಾನು ಬರೆಯಹೊರಟಿರುವುದು ಹಾರಿದ್ದನ್ನಲ್ಲ. ಅದು ಹಾರುವುದಕ್ಕೆ ಮುಂಚೆ ನಮ್ಮ ಮನೆಯೊಳಗೆ ನಡೆದದ್ದನ್ನು.

ಹೊಳಲ್ಕೆರೆಯ ನಮ್ಮದು ಬೀದಿ ಕಡೆ ಮನೆ, ಹಿತ್ತಲ ಕಡೆ ಶೇಂಗಾ ಮಿಲ್ಲು. ಮುಂಬಾಗಿಲಿಂದ ಬಂದರೆ ಕಂಬದ ಪಡಸಾಲೆ, ಎಡಕ್ಕೆ ದೇವರ ಮನೆ, ಬಲಕ್ಕೆ ಅಡುಗೆಮನೆ, ಹಿಂದಿನ ಬಾಗಿಲು ದಾಟಿದರೆ ಅಂಗಳ, ಅಂಗಳದಾಚೆ ಗೋಡೌನು. ಸುಗ್ಗಿಯಲ್ಲಿ ಶೇಂಗಾ ಸಿಪ್ಪೆಯ ಧೂಳು ಹೆಪ್ಪು ಹಾಕಿದ ಮೊಸರಿನ ಮೇಲೂ ಕೂರುತ್ತಿತ್ತು. ಅಂಥ ಮನೆಗೆ ವಿಮಾನ ತುಂಡು ತುಂಡಾಗಿ ಬಂದು ಸೇರಿತು. ಅಪ್ಪಾಜಿ ಒಮ್ಮೆ ವ್ಯಾಪಾರಕ್ಕೆ ಹಿರಿಯೂರಿನ ಕಡೆ ಹೋದವರು ಹತ್ತಿ ಹೊಲಗಳಿಗೆ ಔಷಧಿ ಸಿಂಪಡಿಸಲು ಬಂದಿದ್ದ ಪುಟ್ಟ ವಿಮಾನವೊಂದನ್ನು ನೋಡಿದರು. ಬಂದ ಕೆಲಸ ಬಿಟ್ಟು ಮೂರು ದಿನ ಅದರ ಹಿಂದೆ ಸುತ್ತಿದರು. ಅದನ್ನು ಓಡಿಸುವಾತ ಇವರ ಕಾಟಕ್ಕೋ ಪ್ರೀತಿಗೋ, ಮನೆಯಲ್ಲೇ ವಿಮಾನ ಕಟ್ಟುವವರ ಇಂಗ್ಲಿಷ್ ಪತ್ರಿಕೆಗಳ ಒಂದು ಕಟ್ಟು ಕೊಟ್ಟು ಕಳಿಸಿದ. ಅಲ್ಲಿಗೆ ನಮ್ಮ ಮನೆಯ ನೆಮ್ಮದಿ ಹೋಯಿತು. ಮರ ಬಂತು, ಅಂಟು ಬಂತು, ಸ್ಕೂಟರಿನ ಎರಡು ಗಾಲಿ ಬಂದವು, ದುರ್ಗದಲ್ಲಿ ಬೆಸುಗೆ ಹಾಕಿಸಿದ ಉಕ್ಕಿನ ಕಾಲುಗಳು ಬಸ್ಸಿನ ಟಾಪಿನ ಮೇಲೆ ಬಂದವು. ಇಂಜಿನ್ನು ಯಾರೋ ಹೊರದೇಶದ ಡಾಕ್ಟರು ಬಿಟ್ಟುಹೋದ ಸಣ್ಣ ಕಾರಿನದು, ನೀರು ಹಾಕುವ ಅಗತ್ಯವಿಲ್ಲದ್ದು. ಗೂಡ್ಸ್ ರೈಲಿನಲ್ಲಿ ಚಿಕ್ಕಜಾಜೂರಿಗೆ ಬಂದು ಅಲ್ಲಿಂದ ಎತ್ತಿನ ಗಾಡಿ ಹತ್ತಿ ಬಂತು. ಗೋಡೌನಿನಲ್ಲಿ ಜಾಗ ಸಾಲದೆ ಎರಡು ರೆಕ್ಕೆಗಳನ್ನು ಪಡಸಾಲೆಯ ತೊಲೆಗೆ ಹಗ್ಗ ಕಟ್ಟಿ ತೂಗುಬಿಟ್ಟರು. ನಾವು ಅವುಗಳ ಕೆಳಗೇ ಪಂಕ್ತಿ ಕೂತು ಮುದ್ದೆ ಉಣ್ಣುತ್ತಿದ್ದೆವು. ರೆಕ್ಕೆಗೆ ಹೊದಿಸಿದ ಬಟ್ಟೆ ಬಿಗಿ ಮಾಡಲು ಬಳಿದ ಬಣ್ಣದ ವಾಸನೆಗೆ ಸಾರಿನ ರುಚಿಯೇ ಗೊತ್ತಾಗುತ್ತಿರಲಿಲ್ಲ. ಅಜ್ಜಿ, ಅಪ್ಪಾಜಿಯ ತಾಯಿ, ಒಂದು ದಿನ ನೋಡಿ ನೋಡಿ ರೆಕ್ಕೆಯ ಮೇಲೆ ಶಾವಿಗೆ ಒಣಗಲು ಹಾಕಿಬಿಟ್ಟಳು.

ಅವ್ವ ಮಾತು ಬಿಟ್ಟಳು. ನಮ್ಮ ಜೊತೆಯಲ್ಲ, ಅಪ್ಪಾಜಿಯ ಜೊತೆ. ಗಂಡ ಆಕಾಶಕ್ಕೆ ಹೋಗುವುದು ಬೇಡವೆಂದು ಒಮ್ಮೆ ಹೇಳಿದಳು, ಅವರು ಕೇಳಲಿಲ್ಲ, ಅಷ್ಟೇ. ಅಂದಿನಿಂದ ಗಂಡ ಹೆಂಡತಿಯ ನಡುವಿನ ಮಾತೆಲ್ಲ ನನ್ನ ಮೂಲಕ ನಡೆಯಬೇಕಾಯಿತು. ಇಬ್ಬರೂ ಒಂದೇ ಕೋಣೆಯಲ್ಲಿ ನಾಲ್ಕು ಮಾರು ದೂರದಲ್ಲಿ ಇರುತ್ತಿದ್ದರು, ನಾನು ನಡುವೆ ನಿಂತು ಒಬ್ಬರದನ್ನು ಇನ್ನೊಬ್ಬರಿಗೆ ಒಪ್ಪಿಸುತ್ತಿದ್ದೆ.

"ಪಾರೂ, ನಿಮ್ಮಪ್ಪಾಜಿಗೆ ಹೇಳು, ರೊಟ್ಟಿ ತಣ್ಣಗಾಗ್ತೈತೆ."

"ನಿಮ್ಮವ್ವಗೆ ಹೇಳು, ಬಂದೆ ಅಂತ."

"ಹಾರೋದು ಕಲಿತಾರಂತಲ್ಲ, ಇಳಿಯೋದು ಯಾರ ಹತ್ರ ಕಲೀತಾರೆ ಅಂತ ಕೇಳು."

"ಅದನ್ನ ನಾನೇ ನೋಡ್ಕಂತೀನಿ ಅಂತ ಹೇಳು."

ನನಗೆ ರೋಸಿಹೋಗುತ್ತಿತ್ತು. ಆದರೆ ಆ ತಿಂಗಳುಗಳಲ್ಲಿ ದೊಡ್ಡವರ ಮುಖಕ್ಕೆ ನೇರವಾಗಿ ಮಾತು ಹೇಳುವ ಅಭ್ಯಾಸ ನನಗಾಯಿತು, ಅದೂ ನನ್ನದಲ್ಲದ ಮಾತು, ಖಾರದ ಮಾತು. ಹೆಣ್ಣುಮಗಳಿಗೆ ಇಷ್ಟು ಬಾಯಿ ಎಲ್ಲಿಂದ ಬಂತು ಎಂದು ಆಮೇಲೆ ಬಹಳ ಜನ ಕೇಳಿದ್ದಾರೆ. ಅವರಿಬ್ಬರೇ ಕೊಟ್ಟದ್ದು.

ಪಂಖ ಎಂದು ನಾವು ಕರೆಯುತ್ತಿದ್ದದ್ದು ವಿಮಾನದ ಮೂಗಿನ ಮೇಲೆ ತಿರುಗುವ ಮರದ ಪ್ರೊಪೆಲರನ್ನು. ಅದನ್ನು ಕೆತ್ತಲು ಬಂದವರು ಮೌನಾಚಾರ್ರು. ನಮ್ಮ ಮನೆಯ ಬಾಗಿಲು, ಮಂಚ, ನಾನು ಮಲಗಿದ ತೊಟ್ಟಿಲು ಎಲ್ಲ ಅವರ ಕೈಯದೇ. ಹೆಸರು ಮೌನ, ಮನುಷ್ಯ ಬಾಯಿ ಮುಚ್ಚಿದ್ದನ್ನು ನಾನು ನೋಡಿಲ್ಲ. ಅವರ ಹತ್ತಿರ ಒಂದು ಅಳತೆ ಕೋಲಿತ್ತು, ಒಂದು ಲೆಕ್ಕವಿತ್ತು. ಆ ಲೆಕ್ಕಕ್ಕೆ ಆಯ ಎನ್ನುತ್ತಿದ್ದರು. ಬಾಗಿಲೋ ಮಂಚವೋ, ಉದ್ದವನ್ನು ಎಂಟರಿಂದ ಭಾಗಿಸಿ ಉಳಿದದ್ದನ್ನು ನೋಡಬೇಕು. ಒಂದು ಉಳಿದರೆ ಧ್ವಜಾಯ, ಮೂರಕ್ಕೆ ಸಿಂಹ, ಐದಕ್ಕೆ ವೃಷಭ, ಏಳಕ್ಕೆ ಗಜ. ಇವು ಒಳ್ಳೆಯವು. ಸರಿಸಂಖ್ಯೆ ಉಳಿಯಿತೋ, ಹೊಗೆ, ನಾಯಿ, ಕತ್ತೆ, ಕಾಗೆ. ಆ ಅಳತೆಯಲ್ಲಿ ಅವರು ಒಂದು ಮಣೆಯನ್ನೂ ಮಾಡುತ್ತಿರಲಿಲ್ಲ. ಅಪ್ಪಾಜಿ ಪತ್ರಿಕೆಗಳನ್ನೆಲ್ಲ ನಿಘಂಟು ಇಟ್ಟುಕೊಂಡು ಓದಿ, ಆ ಇಂಜಿನ್ನಿಗೆ ಐವತ್ನಾಲ್ಕು ಇಂಚಿನ ಪಂಖ ಸರಿ ಎಂದು ಗೊತ್ತುಮಾಡಿಕೊಂಡಿದ್ದರು. ಆ ಇಂಜಿನ್ನು ಬಲು ವೇಗವಾಗಿ ತಿರುಗುವಂಥದು, ಉದ್ದದ ಪಂಖ ಕಟ್ಟಿದರೆ ತಿರುಗಿಸಲಾರದೆ ಏದುಸಿರು ಬಿಡುತ್ತದೆ ಎಂದು ಅದರಲ್ಲಿ ಬರೆದಿತ್ತು. ಆಚಾರ್ರು ಕೂತಲ್ಲೇ ಬೆರಳು ಮಡಿಚಿದರು.

"ಐವತ್ನಾಲ್ಕು ಆಗಲ್ಲ ಸಾವ್ಕಾರ್ರೆ. ಆರು ಉಳೀತೈತೆ. ಖರಾಯ. ಕತ್ತೆ."

"ಪುಸ್ತಕದಾಗೆ ಹಂಗೆ ಐತೆ ಆಚಾರ್ರೆ."

"ಪುಸ್ತಕ ಬರೆದೋನೇ ಬಂದು ಕೆತ್ತಲಿ ಹಂಗಾದ್ರೆ. ಕತ್ತೆ ಆಯದಾಗೆ ನಾನು ಉಳಿ ಇಡಲ್ಲ. ನಮ್ಮಪ್ಪ ಇಟ್ಟಿಲ್ಲ, ಅವರಪ್ಪ ಇಟ್ಟಿಲ್ಲ."

"ಮತ್ತೆ ಎಷ್ಟು ಮಾಡಾಣ ಹೇಳ್ರಿ."

"ಐವತ್ತೇಳು. ಒಂದು ಉಳೀತೈತೆ, ಧ್ವಜಾಯ. ಧ್ವಜ ಅಂದ್ರೆ ಗಾಳ್ಯಾಗೆ ಹಾರೋದು. ಇದಕ್ಕಿಂತ ಇನ್ನೇನು ಬೇಕ್ರಿ?"

ದೇವರ ಮನೆಯೊಳಗಿಂದ ಅಜ್ಜಿ ಭೇಷ್ ಎಂದಳು. ಹೆಂಡತಿಯ ಮೌನಕ್ಕೆ ಹೆದರದ, ಊರೆಲ್ಲ ನಕ್ಕರೂ ಅಳುಕದ ಅಪ್ಪಾಜಿ ಆಚಾರ್ರ ಎಂಟರ ಲೆಕ್ಕಕ್ಕೆ ಹೂಂ ಎಂದುಬಿಟ್ಟರು. ನಿಜ ಹೇಳಬೇಕೆಂದರೆ ಅವರಿಗೂ ದೊಡ್ಡ ಪಂಖವೇ ಬೇಕಿತ್ತು. ದೊಡ್ಡದಾದಷ್ಟೂ ಹೆಚ್ಚು ಗಾಳಿ ಹಿಡಿಯುತ್ತದೆ, ಇಂಜಿನ್ನು ಒಂದಿಷ್ಟು ಏದುಸಿರು ಬಿಟ್ಟರೆ ಬಿಡಲಿ ಎಂಬುದು ಅವರ ಒಳಗಿನ ಆಸೆ. ಆಚಾರ್ರ ಶಾಸ್ತ್ರ ಆ ಆಸೆಗೆ ಒಂದು ನೆವ ಕೊಟ್ಟಿತು.

ಇನ್ನು ಉಳಿದದ್ದು ಪಂಖಕ್ಕೂ ನೆಲಕ್ಕೂ ನಡುವೆ ಎಷ್ಟು ಜಾಗವಿರಬೇಕು ಎಂಬ ಪ್ರಶ್ನೆ. ಒಂಬತ್ತು ಇಂಚು ಇರಲೇಬೇಕು ಎಂದು ಪತ್ರಿಕೆ ಹೇಳುತ್ತಿತ್ತು. ಗೋಡೌನಿನಲ್ಲಿ ವಿಮಾನ ಗಾಲಿಯ ಮೇಲೆ ನಿಂತಿತ್ತು, ಮುಂದೆ ಎರಡು ಗಾಲಿ, ಹಿಂದೆ ಬಾಲದ ಕೆಳಗೆ ಒಂದು ಪುಟ್ಟ ಉರುಳೆ. ಹಾಗಾಗಿ ಮೂಗು ಮೇಲಕ್ಕೆ, ಬಾಲ ನೆಲಕ್ಕೆ. ಆಚಾರ್ರು ಐವತ್ತೇಳು ಇಂಚಿನ ಒಂದು ಸಾದಾ ಪಟ್ಟಿಯನ್ನು ಪಂಖದ ಜಾಗಕ್ಕೆ ನೆಟ್ಟಗೆ ಬಿಗಿದರು. ಅಪ್ಪಾಜಿ ಮಂಡಿಯೂರಿ ಅಡಿಪಟ್ಟಿ ಇಟ್ಟು ಅಳೆದರು. ಹತ್ತೂವರೆ ಇಂಚು. ಇಬ್ಬರೂ ಎಲೆಯಡಿಕೆ ಹಾಕಿಕೊಂಡರು. ನಾನು ಅಲ್ಲೇ ನಿಂತಿದ್ದೆ. ಪತ್ರಿಕೆಯ ಇಂಗ್ಲಿಷು ನನಗೆ ಬರುತ್ತಿರಲಿಲ್ಲ, ಹಾಗಾಗಿ ನಾನು ಚಿತ್ರ ನೋಡುತ್ತಿದ್ದೆ. ಒಂದು ಚಿತ್ರದಲ್ಲಿ ಇಂಥದೇ ವಿಮಾನ ನೆಲದ ಮೇಲೆ ಓಡುತ್ತಿತ್ತು, ಗಾಲಿಗಳು ಇನ್ನೂ ನೆಲದ ಮೇಲೇ ಇದ್ದವು, ಬಾಲ ಮಾತ್ರ ಎದ್ದು ಮೈಯೆಲ್ಲ ನೆಲಕ್ಕೆ ಸಮನಾಗಿ ನೆಟ್ಟಗಾಗಿತ್ತು. ನನಗೆ ನಮ್ಮ ಎತ್ತಿನ ಗಾಡಿ ನೆನಪಾಯಿತು. ಮೂಕಿ ನೆಲಕ್ಕಿಟ್ಟು ನಿಲ್ಲಿಸಿದ ಗಾಡಿಯ ಹಿಂಭಾಗ ಎತ್ತರದಲ್ಲಿರುತ್ತದೆ, ಮೂಕಿ ಎತ್ತಿ ಎತ್ತಿನ ಹೆಗಲಿಗೆ ನೊಗ ಇಟ್ಟರೆ ಹಿಂಭಾಗ ಇಳಿಯುತ್ತದೆ. ಒಂದು ಕಡೆ ಎದ್ದರೆ ಇನ್ನೊಂದು ಕಡೆ ಇಳಿಯಲೇಬೇಕು. ಹಾಗಾದರೆ ಬಾಲ ಎದ್ದಾಗ ಪಂಖ ಎಲ್ಲಿಗೆ ಬರುತ್ತದೆ? ನಿಂತ ವಿಮಾನ ಅಳೆದರೆ ಏನು ಬಂತು?

"ಅಪ್ಪಾಜಿ, ಬಾಲ ಎತ್ತಿ ಹಿಡಿದು ಅಳೀರಿ."

"ಬಾಲ ಎತ್ತಿದ್ರೆ ಮೂತಿ ಮ್ಯಾಲೆ ಬೀಳ್ತೈತೆ. ಇಂಜಿನ್ನು ಹೋಗ್ತೈತೆ. ಒಳಗೆ ಹೋಗಿ ಲೆಕ್ಕ ಮಾಡು ಹೋಗು."

ಹೋಗಿ ಲೆಕ್ಕವನ್ನೇ ಮಾಡಿದೆ. ಮಾರನೇ ದಿನ ಇಬ್ಬರೂ ಊಟಕ್ಕೆ ಹೋದಾಗ ಖಾಲಿ ಗೋಣಿಚೀಲದ ಕಟ್ಟುಗಳನ್ನು ಒಂದೊಂದಾಗಿ ತಳ್ಳಿಕೊಂಡು ಬಂದೆ. ಬಾಲ ಅಂಥ ಭಾರವಿರಲಿಲ್ಲ. ಹೆಗಲು ಕೊಟ್ಟು ಎತ್ತಿ ಒಂದು ಕಟ್ಟಿನ ಮೇಲೆ ಇಟ್ಟೆ, ಮತ್ತೆ ಎತ್ತಿ ಇನ್ನೊಂದರ ಮೇಲೆ, ಚಿತ್ರದಲ್ಲಿದ್ದಷ್ಟು ನೆಟ್ಟಗಾಗುವವರೆಗೆ. ಅವ್ವನ ರವಿಕೆ ಅಳೆಯುವ ಟೇಪು ತಂದು ಪಟ್ಟಿಯ ತುದಿಯಿಂದ ನೆಲಕ್ಕೆ ಹಿಡಿದೆ. ನಾಲ್ಕೂವರೆ ಇಂಚು. ಅಪ್ಪಾಜಿ ಒಳಗೆ ಕೂತರೆ ಗಾಲಿ ಒಂದಿಂಚು ಕುಗ್ಗುವುದನ್ನು ನಾನು ಮೊದಲೇ ನೋಡಿದ್ದೆ. ಅಲ್ಲಿಗೆ ಮೂರೂವರೆ. ವಿಮಾನ ಓಡಿಸಬೇಕೆಂದಿದ್ದದ್ದು ಬೇಸಿಗೆಯಲ್ಲಿ ಒಣಗುವ ಕೆರೆಯ ಅಂಗಳದಲ್ಲಿ, ದನದ ಗೊರಸು ಇಳಿದ ಗುಂಡಿಗಳೇ ಅಲ್ಲಿ ಅಷ್ಟು ಆಳ ಇರುತ್ತಿದ್ದವು. ಹಿಂದಿನ ಸುಗ್ಗಿಯಲ್ಲಿ ನಮ್ಮ ಮಿಲ್ಲಿನ ತೂರುವ ಫ್ಯಾನಿನ ರೆಕ್ಕೆಯೊಂದು ಮುರಿದು ಹಾರಿ ಮಣ್ಣಿನ ಗೋಡೆಯಲ್ಲಿ ಗೇಣುದ್ದ ನೆಟ್ಟಿತ್ತು. ಅದನ್ನು ಕೀಳಲು ಇಬ್ಬರು ಬೇಕಾಯಿತು. ಈ ಪಂಖದ ನೇರ ಹಿಂದೆಯೇ ಅಪ್ಪಾಜಿ ಕೂರುವ ಜಾಗ. ಪಂಖ ನೆಲಕ್ಕೆ ಬಡಿದರೆ ಅವರು ಸಾಯುತ್ತಾರೆ. ನನಗೆ ಇದು ಗುಮಾನಿಯಲ್ಲ, ಗೊತ್ತಿತ್ತು. ಗೊತ್ತಿದ್ದವಳು ನಾನೊಬ್ಬಳೇ.

ಆಚಾರ್ರು ಆಗಲೇ ತೇಗದ ಹಲಗೆಗಳನ್ನು ಒಂದರ ಮೇಲೊಂದು ಅಂಟಿಸಿ ಬಾಚಿಯಲ್ಲಿ ಕೆತ್ತಲು ಶುರು ಮಾಡಿದ್ದರು. ನಾನು ಅವರ ಲೆಕ್ಕವನ್ನೇ ಹಿಡಿದುಕೊಂಡು ಹೋದೆ. ಐವತ್ತೇಳರ ಕೆಳಗಿನ ಒಳ್ಳೆಯ ಆಯಗಳನ್ನೆಲ್ಲ ಸ್ಲೇಟಿನಲ್ಲಿ ಬರೆದು ನೋಡಿದ್ದೆ. ಐವತ್ತೈದು ಗಜಾಯ, ಆದರೆ ಅದರಿಂದ ಒಂದು ತುದಿಗೆ ಒಂದೇ ಇಂಚು ಕಡಿಮೆಯಾಗುತ್ತದೆ. ಐವತ್ಮೂರಾದರೆ ಎರಡಿಂಚು, ಪುಸ್ತಕದ ಅಳತೆಗೂ ಬಹಳ ದೂರವಿಲ್ಲ.

"ಆಚಾರ್ರೆ, ಐವತ್ಮೂರು ಮಾಡ್ರಿ. ಐದು ಉಳೀತೈತೆ, ವೃಷಭಾಯ. ನೆಲಕ್ಕೂ ತಾಗಲ್ಲ."

ಆಚಾರ್ರು ಬಾಚಿ ನಿಲ್ಲಿಸಿ ನಕ್ಕರು.

"ವೃಷಭ ನಡೆಯೋದು ಕಣವ್ವ, ಹಾರೋದಲ್ಲ."

ಮೂರನೇ ಸಲ ಕೇಳಿದ್ದು ಪಂಖ ಮುಗಿದು ವಾರ್ನಿಷ್ ಒಣಗಿದ ದಿನ. ಚೆನ್ನಾಗಿತ್ತು ಪಂಖ, ಅದನ್ನು ಇಲ್ಲವೆನ್ನುವುದಿಲ್ಲ. ಮೂರು ತಿಂಗಳ ಕೆಲಸ, ಹಲಗೆಗಳ ಪದರ ಪದರ ಬಣ್ಣ ತುದಿಯವರೆಗೆ ಹರಿದಿತ್ತು, ಕೈಯಾಡಿಸಿದರೆ ಎಲ್ಲಿಯೂ ತಡೆಯುತ್ತಿರಲಿಲ್ಲ. ಬೀದಿಯವರೆಲ್ಲ ಬಂದು ನೋಡಿ ಹೋದರು. ಅವರೆಲ್ಲರ ಎದುರಿಗೇ ನಾನು ನಾಲ್ಕೂವರೆ ಇಂಚಿನ ಮಾತು ಎತ್ತಿದೆ. ಗೋಣಿಚೀಲದ ಸಂಗತಿಯನ್ನೂ ಹೇಳಿದೆ. ಯಾರೋ ಕಿಸಕ್ಕೆಂದು ನಕ್ಕರು. ಅಪ್ಪಾಜಿಯ ಮುಖ ಕೆಂಪೇರಿತು.

"ಇನ್ನೊಂದು ಸಲ ಪಂಖದ ಮಾತೆತ್ತಿದ್ರೆ ಗೋಡೌನಿಗೆ ಕಾಲಿಡಂಗಿಲ್ಲ ನೋಡು. ಯಾರಿಲ್ಲಿ ವಿಮಾನ ಕಟ್ತಿರೋದು, ನೀನೋ ನಾನೋ?"

ಆಯಿತು, ಮೂರು ಸಲ ಕೇಳಿದ್ದಾಯಿತು. ಅದೇ ನನ್ನ ಜೀವನದ ಲೆಕ್ಕವೂ ಆಗಿಹೋಯಿತು. ಮುಂದೆ ಗಂಡನ ಮನೆಯಲ್ಲಿ, ಕೆಲಸದ ಕಡೆ, ಎಲ್ಲಿಯೇ ಆಗಲಿ ಮೂರು ಸಲ ಕೇಳುತ್ತೇನೆ, ನಾಲ್ಕನೇ ಸಲ ಕೇಳುವುದಿಲ್ಲ. ಇದನ್ನು ಅಹಂಕಾರ ಅಂದವರಿದ್ದಾರೆ, ಅನ್ನಲಿ.

ಸೋಮವಾರ ಬೆಳಿಗ್ಗೆ ವಿಮಾನವನ್ನು ಕೆರೆಯಂಗಳದಲ್ಲಿ ಓಡಿಸಿ ನೋಡುವುದೆಂದು ನಿಶ್ಚಯವಾಯಿತು. ಭಾನುವಾರ ದುರ್ಗದಲ್ಲಿ ನೆಂಟರೊಬ್ಬರ ಗೃಹಪ್ರವೇಶ, ಮನೆಮಂದಿಯೆಲ್ಲ ಬೆಳಗಿನ ಬಸ್ಸಿಗೆ ಹೊರಟರು. ನಾನು ಹೊಟ್ಟೆನೋವು ಎಂದು ಮಲಗಿದೆ. ಅಜ್ಜಿಗೆ ಮಂಡಿನೋವು, ಅದು ನಿಜದ್ದು. ಬಸ್ಸು ಹೋದ ಸದ್ದಾದ ಮೇಲೆ ಎದ್ದು ಗೋಡೌನಿಗೆ ಹೋದೆ. ಪಂಖವನ್ನು ಇನ್ನೂ ವಿಮಾನಕ್ಕೆ ಬಿಗಿದಿರಲಿಲ್ಲ, ಎರಡು ಮಣೆಯ ಮೇಲೆ ಮಲಗಿಸಿ ಪಂಚೆ ಹೊದಿಸಿದ್ದರು. ನಡುವಿನ ತೂತಿನಿಂದ ಟೇಪು ಹಿಡಿದು ಎರಡೂ ಕಡೆ ಇಪ್ಪತ್ತಾರೂವರೆ ಇಂಚಿಗೆ ಪೆನ್ಸಿಲಿನ ಗೆರೆ ಎಳೆದೆ. ನಾಲ್ಕು ಸಲ ಅಳೆದೆ. ಆಚಾರ್ರ ಸಣ್ಣ ಗರಗಸ ತೆಗೆದುಕೊಂಡು ಗೆರೆಯ ಮೇಲೆ ಇಟ್ಟೆ. ಒಂದು ಸಲ ಎಳೆದರೆ ಪಂಖ ಮಣೆಯ ಮೇಲಿಂದ ಜಾರಿತು, ಇನ್ನೊಂದು ಸಲ ಎಳೆದರೆ ಕುಣಿಯಿತು. ಅಷ್ಟರಲ್ಲಿ ಬಾಗಿಲಲ್ಲಿ ಕೋಲಿನ ಸದ್ದು.

"ಏನು ಮಾಡ್ತಿದೀಯೇ ಮುಂಡೇದೆ?"

"ಪಂಖ ಕೊಯ್ತಿದೀನಿ ಅಜ್ಜಿ."

"ಅಯ್ಯೋ ಶಿವನೇ! ಯಾಕೆ?"

"ಇಷ್ಟುದ್ದ ಇದ್ರೆ ನೆಲಕ್ಕೆ ಬಡೀತೈತೆ. ಬಡಿದ್ರೆ ಚೂರಾಗ್ತೈತೆ. ಚೂರು ಅಪ್ಪಾಜಿ ಎದೆಗೆ ಬರ್ತೈತೆ. ನಾನು ಮೂರು ಸಲ ಹೇಳ್ದೆ, ಅವರು ಕೇಳ್ಲಿಲ್ಲ."

ಅಜ್ಜಿ ಒಳಗೆ ಬಂದು ಬಗ್ಗಿ ಗೆರೆ ನೋಡಿದಳು. ಅವಳು ಓದಿದವಳಲ್ಲ, ಆದರೆ ಎರಡು ಮನೆ ಕಟ್ಟಿಸಿದವಳು.

"ಎಷ್ಟಕ್ಕೆ ಕೊಯ್ತೀಯ?"

"ಐವತ್ಮೂರಕ್ಕೆ."

ಅಜ್ಜಿ ಬೆರಳಿನ ಗೆಣ್ಣುಗಳ ಮೇಲೆ ಹೆಬ್ಬೆರಳು ಓಡಿಸಿದಳು. ಎಂಟೆಂಟಾಗಿ ಎಣಿಸಿದಳು, ಒಮ್ಮೆ ತಪ್ಪಿ ಮತ್ತೆ ಮೊದಲಿಂದ ಎಣಿಸಿದಳು.

"ಐದು. ವೃಷಭಾಯ. ಬಸವಣ್ಣ." ಕೋಲನ್ನು ಗೋಡೆಗೆ ಒರಗಿಸಿದಳು. "ಹಿಂಗೆ ಕುಣೀತಿದ್ರೆ ನೆಟ್ಟಗೆ ಕೊಯ್ಯಾಕೆ ಆಗ್ತೈತೇನೆ? ತಡಿ, ನಾನು ಕುಂತ್ಕಂತೀನಿ."

ಮೂರು ತಿಂಗಳು ಕೆತ್ತಿದ ಪಂಖದ ನಟ್ಟನಡುವೆ ನಮ್ಮಜ್ಜಿ ಸೀರೆ ಮಡಿಚಿಕೊಂಡು ಕೂತಳು. ನಾನು ಕೊಯ್ದೆ. ತೇಗದ ಪುಡಿ ಅವಳ ಕಾಲ ಮೇಲೆ ಬಿತ್ತು. ಎರಡೂ ತುದಿ ಬಿದ್ದ ಮೇಲೆ ದೊಡ್ಡ ಕೆಲಸ ಉಳಿದಿತ್ತು, ತೂಕ ಸರಿ ಮಾಡುವುದು. ಒಂದು ಕಡೆ ಕೂದಲಷ್ಟು ಭಾರವಾದರೂ ತಿರುಗುವಾಗ ಇಂಜಿನ್ನನ್ನೇ ಕಿತ್ತುಹಾಕುತ್ತದೆ ಎಂದು ಆಚಾರ್ರೇ ಹೇಳುತ್ತಿದ್ದರು. ಅವರು ಮಾಡುತ್ತಿದ್ದ ಹಾಗೆಯೇ ನಡುವಿನ ತೂತಿಗೆ ನಯವಾದ ಸರಳು ತೂರಿಸಿ ಎರಡು ಕುರ್ಚಿಯ ಬೆನ್ನಿನ ಮೇಲೆ ಇಟ್ಟೆ. ಎಡಗಡೆ ಇಳಿಯಿತು. ಉಪ್ಪುಕಾಗದದಿಂದ ಎಡ ತುದಿ ಉಜ್ಜಿದೆ. ಈಗ ಬಲಗಡೆ ಇಳಿಯಿತು. ಥೂ! ಅದನ್ನು ಉಜ್ಜಿದೆ. ಮಧ್ಯಾಹ್ನವಿಡೀ ಇದೇ ಆಯಿತು, ಅಜ್ಜಿ ನಡುವೆ ಎದ್ದುಹೋಗಿ ಮಂಡಕ್ಕಿಗೆ ಶೇಂಗಾ ಚಟ್ನಿಪುಡಿ ಕಲಸಿ ತಂದಳು. ಕೊನೆಗೆ ಪಂಖ ಯಾವ ಕಡೆಗೂ ವಾಲದೆ ಅಡ್ಡಡ್ಡ ನಿಂತಿತು. ನನ್ನ ಬೆರಳ ತುದಿಯ ಚರ್ಮ ಸುಲಿದಿತ್ತು. ಆಗ ಆದಷ್ಟು ಸಂತೋಷ ನನಗೆ ಮುಂದೆ ಮೆಟ್ರಿಕ್ ಪಾಸಾದಾಗಲೂ ಆಗಲಿಲ್ಲ.

ಸಂಜೆ ಬಸ್ಸಿಗೆ ಎಲ್ಲರೂ ಬಂದರು. ಅಪ್ಪಾಜಿ ಕಾಲು ತೊಳೆದವರೇ ಗೋಡೌನಿಗೆ ಹೋದರು. ಆಮೇಲೆ ಕೊಯ್ದ ತುಂಡುಗಳೆರಡನ್ನೂ ಕೈಯಲ್ಲಿ ಹಿಡಿದುಕೊಂಡು ಪಡಸಾಲೆಗೆ ಬಂದರು. ಅವರು ಕೇಳುವ ಮೊದಲೇ ನಾನು ಎದ್ದು ನಿಂತು ನಾನೇ ಎಂದೆ. ಕೆನ್ನೆಗೆ ಬಿತ್ತು. ಕಿವಿಯಲ್ಲಿ ಗುಂಯ್ ಎಂದಿತು. ಇನ್ನೊಂದು ಕೈ ಎದ್ದಿತ್ತು, ಅಷ್ಟರಲ್ಲಿ ಅಡುಗೆಮನೆಯ ಬಾಗಿಲಿನಿಂದ ಅವ್ವನ ದನಿ ಬಂತು.

"ರೀ, ಇನ್ನೊಂದು ಏಟು ಬಿದ್ರೆ ಆ ವಿಮಾನಕ್ಕೆ ನಾನೇ ಕೊಡಲಿ ಹಿಡೀತೀನಿ."

ಮನೆಯಲ್ಲಿ ಎಲ್ಲರೂ ತಿರುಗಿ ನೋಡಿದರು. ಎಷ್ಟೋ ತಿಂಗಳ ಮೇಲೆ ಅವ್ವ ಗಂಡನಿಗೆ ನೇರವಾಗಿ ಆಡಿದ ಮೊದಲ ಮಾತು ಅದು. ಎತ್ತಿದ ಕೈ ಎತ್ತಿದಂತೆಯೇ ಉಳಿಯಿತು. ಅಜ್ಜಿ ಮೂಲೆಯಿಂದ, ಹೊಡೆಯೋದಾದ್ರೆ ನನಗೂ ಹೊಡಿಯಲೇ ರುದ್ರ, ಅದರ ಮ್ಯಾಲೆ ಕುಂತಿದ್ದು ನಾನು, ಎಂದಳು. ನಾನು ಅಳಲಿಲ್ಲ. ಅತ್ತರೆ ತಪ್ಪು ಮಾಡಿದೆ ಎಂದು ಒಪ್ಪಿಕೊಂಡಂತೆ ಆಗುತ್ತಿತ್ತು. ರಾತ್ರಿ ಊಟಕ್ಕೂ ಅವರ ಎದುರಿಗೇ ಕೂತೆ, ಎರಡು ಮುದ್ದೆ ಉಂಡೆ.

ಬೆಳಿಗ್ಗೆ ಆಚಾರ್ರು ಬಂದರು. ಪಂಖ ನೋಡಿ ನೆಲದ ಮೇಲೆ ಕುಸಿದರು. ಕಣ್ಣಲ್ಲಿ ನೀರು ಬಂದದ್ದನ್ನು ನಾನು ನೋಡಿದೆ, ಅದೊಂದಕ್ಕೆ ಮಾತ್ರ ನನಗೆ ಇವತ್ತಿಗೂ ನೋವಿದೆ. ಆಮೇಲೆ ಕೋಲು ಇಟ್ಟು ಅಳೆದರು. ಸರಳು ತೂರಿಸಿ ಕುರ್ಚಿಯ ಮೇಲೆ ಇಟ್ಟು ತೂಕ ನೋಡಿದರು. ಎರಡು ಸಲ ನೋಡಿದರು.

"ತೂಕ ಸರಿ ಐತೆ. ಆಯನೂ ಸರಿ ಐತೆ," ಎಂದರು. "ಆದ್ರೆ ನನ್ನ ಕೇಳಬೇಕಿತ್ತು ಕಣವ್ವ."

"ಕೇಳಿದ್ದೆ ಆಚಾರ್ರೆ. ವೃಷಭ ಹಾರಲ್ಲ ಅಂದ್ರಿ."

ಅವರು ಪಂಖದಿಂದ ಸರಳು ಎಳೆದರು. ಇದ್ದದ್ದು ಒಂದೇ ಪಂಖ, ಇನ್ನೊಂದಕ್ಕೆ ಮೂರು ತಿಂಗಳು ಬೇಕು, ಅಷ್ಟರಲ್ಲಿ ಮಳೆ ಬಂದು ಕೆರೆ ತುಂಬುತ್ತದೆ. ಅಪ್ಪಾಜಿ ಹಲ್ಲು ಕಚ್ಚಿಕೊಂಡು ಇದನ್ನೇ ಬಿಗಿಯಿರಿ ಎಂದರು. ಈ ಗಿಡ್ಡ ಪಂಖ ವಿಮಾನವನ್ನು ಎಳೆಯುವುದೇ ಇಲ್ಲ, ಅದನ್ನು ಊರೆಲ್ಲ ನೋಡಲಿ, ಇವಳೂ ನೋಡಲಿ ಎಂದರು. ನನ್ನ ಕಡೆ ನೋಡಲಿಲ್ಲ. ಗೋಡೌನಿನಿಂದ ಕೆರೆಯಂಗಳದವರೆಗೆ ವಿಮಾನವನ್ನು ತಳ್ಳಿಕೊಂಡು ಹೋದರು, ರೆಕ್ಕೆಗಳನ್ನು ಗಾಡಿಯಲ್ಲಿ ಒಯ್ದು ಅಲ್ಲೇ ಜೋಡಿಸಿದರು. ಕುರಿ ಮೇಯಿಸುತ್ತಿದ್ದವರು ಹಿಂಡನ್ನು ದಡಕ್ಕೆ ಹೊಡೆದುಕೊಂಡು ಹೋಗಿ ಕಂಬಳಿ ಹಾಸಿ ಕೂತರು. ಅವ್ವನೂ ಬಂದಳು. ಸೆರಗಿನ ತುದಿ ಬಾಯಲ್ಲಿ ಕಚ್ಚಿಕೊಂಡು ನನ್ನ ಭುಜ ಹಿಡಿದು ನಿಂತಳು, ಅವಳ ಉಗುರು ನನ್ನ ಮೈಗೆ ಇಳಿಯುತ್ತಿತ್ತು.

ಇಂಜಿನ್ನು ಹತ್ತಿಕೊಂಡಿತು. ಏದುಸಿರಲ್ಲ, ಒಂದೇ ಸಮ ಚೀರುವ ಸದ್ದು. ಕುರಿಗಳೆಲ್ಲ ಒಂದರ ಮೇಲೊಂದು ಬಿದ್ದವು. ಗಿಡ್ಡ ಪಂಖ ಎಳೆಯಿತು ನೋಡಿ! ವಿಮಾನ ಮೊದಲು ಕುಂಟುತ್ತಾ, ಆಮೇಲೆ ಓಡುತ್ತಾ, ಆಮೇಲೆ ನಾವ್ಯಾರೂ ಹಿಂದೆ ಓಡಲಾರದಷ್ಟು ವೇಗವಾಗಿ ಹೋಯಿತು. ಬಾಲ ಎದ್ದಿತು. ಚಿತ್ರದಲ್ಲಿದ್ದ ಹಾಗೆಯೇ ಎದ್ದಿತು, ಮೂಗು ಇಳಿಯಿತು, ಮೈ ನೆಟ್ಟಗಾಯಿತು. ನನ್ನ ಪಕ್ಕದಲ್ಲಿದ್ದ ಆಚಾರ್ರು ಹಾ ಎಂದು ಬಾಯಿ ತೆರೆದರು. ಅದೇ ಗಳಿಗೆಯಲ್ಲಿ ಎಡಗಾಲಿ ಒಂದು ಗುಂಡಿಗೆ ಇಳಿಯಿತು. ವಿಮಾನ ಮುಗ್ಗರಿಸಿತು, ಮೂಗು ನೆಲ ಮೂಸುವಂತೆ ತಗ್ಗಿತು, ಅವ್ವ ಕಿಟಾರನೆ ಕಿರುಚಿದಳು. ಪಂಖದ ಮುಂದೆ ಹಸಿರು ಪುಡಿ ಎದ್ದು ಹಾರಿತು. ಆಮೇಲೆ ಗಾಲಿ ಗುಂಡಿಯಿಂದ ಜಿಗಿದು ಮೇಲೆ ಬಂತು, ಇಂಜಿನ್ನು ನಿಂತಿತು, ವಿಮಾನ ಇನ್ನಷ್ಟು ದೂರ ಉರುಳಿ ಬಾಲ ಇಳಿಸಿಕೊಂಡು ನಿಂತಿತು.

ನಾವೆಲ್ಲ ಓಡಿದೆವು. ಅಪ್ಪಾಜಿ ಇಳಿದಿದ್ದರು. ಯಾರ ಮಾತಿಗೂ ಉತ್ತರ ಕೊಡದೆ ಗುಂಡಿಯಿದ್ದ ಜಾಗಕ್ಕೆ ವಾಪಸು ನಡೆದರು, ನಾನು ಅವರ ಹಿಂದೆ ಹೋದೆ. ಅಲ್ಲಿ ಜೇಕಿನ ಹುಲ್ಲು ಮೊಣಕಾಲುದ್ದ ಬೆಳೆದಿತ್ತು. ಗುಂಡಿಯ ಪಕ್ಕದಲ್ಲಿ ಒಂದು ಮಾರು ಜಾಗದ ಹುಲ್ಲು ಮಾತ್ರ ಕುಡುಗೋಲಿನಲ್ಲಿ ಕೊಯ್ದಂತೆ ಬುಡದ ಹತ್ತಿರ ಕತ್ತರಿಸಿಹೋಗಿತ್ತು. ಅಪ್ಪಾಜಿ ಮಂಡಿಯೂರಿ ಕೂತರು. ಉಳಿದ ಕೂಳೆಯ ಪಕ್ಕ ಎರಡು ಬೆರಳು ಅಡ್ಡ ಇಟ್ಟು ನೋಡಿದರು. ಕೂಳೆ ಎರಡು ಬೆರಳಿನಷ್ಟೇ ಇತ್ತು. ಅಂಗಿಯ ಜೇಬಿನಿಂದ ಏನನ್ನೋ ತೆಗೆದರು. ನಾನು ಕೊಯ್ದಿದ್ದ ತುಂಡು. ಯಾಕೆ ಇಟ್ಟುಕೊಂಡಿದ್ದರೋ, ವಿಮಾನ ಓಡದೆ ನಿಂತಾಗ ನನಗೆ ತೋರಿಸಲು ಇರಬೇಕು. ಅದನ್ನು ನೆಲದ ಮೇಲೆ ನೆಟ್ಟಗೆ ನಿಲ್ಲಿಸಿದರು. ತುಂಡು ಕೂಳೆಗಿಂತ ಅರ್ಧ ಇಂಚು ಎತ್ತರವಿತ್ತು. ಕೊಯ್ಯದೆ ಬಿಟ್ಟಿದ್ದರೆ ಅಷ್ಟು ಮಣ್ಣಿಗೆ ಬಡಿಯುತ್ತಿತ್ತು.

ಆಚಾರ್ರು ಬಂದರು, ಅವ್ವ ಬಂದಳು, ಕುರಿಯವರು ಬಂದು ಸುತ್ತ ನಿಂತರು. ತಪ್ಪಾಯಿತು ಎಂದು ಅಪ್ಪಾಜಿ ಹೇಳಲಿಲ್ಲ, ನಾನೂ ಕಾಯಲಿಲ್ಲ. ನನ್ನ ಕೆನ್ನೆ ಇನ್ನೂ ಊದಿತ್ತು, ಅವರು ಅದನ್ನು ನೋಡಿ ಕಣ್ಣು ತಗ್ಗಿಸಿದರು. ಕೊನೆಗೆ ಎಲ್ಲರ ಎದುರಿಗೇ ಬಾಯಿಬಿಟ್ಟರು.

"ಪಾರೂ, ಗಾಲಿಯ ಕಾಲು ಇನ್ನೂ ಎತ್ತರ ಮಾಡಿಸಬೇಕು. ಎಷ್ಟು ಮಾಡಿಸಾಣ?"

"ನಿಂತ ವಿಮಾನ ನೋಡಿ ಹೇಳಾಕಾಗಲ್ಲ ಅಪ್ಪಾಜಿ. ಹೋಗಿ ಬಾಲ ಎತ್ತಿ ಹಿಡೀರಿ. ಅಳೆದು ಹೇಳ್ತೀನಿ."

ಅಪ್ಪಾಜಿ ಎದ್ದರು, ಮಂಡಿಯ ಮಣ್ಣು ಕೊಡವಿಕೊಂಡರು, ವಿಮಾನದ ಹಿಂದಕ್ಕೆ ಹೋಗಿ ಬಗ್ಗಿ ಬಾಲಕ್ಕೆ ಹೆಗಲು ಕೊಟ್ಟರು. ಎತ್ತಿದರು. ನಾನು ಸಾಕು ಎನ್ನುವವರೆಗೂ ಹಿಡಿದುಕೊಂಡು ನಿಂತಿದ್ದರು.